ಪಟ್ಟಿ ಕಿತ್ತ ದಿನದ ದಾಖಲೆ

ಮೈದಾನದಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಮೂವತ್ತಮೂರು ವರ್ಷ ಓಟದ ಟ್ರ್ಯಾಕಿನ ಮೇಲೆ ಸುಣ್ಣದ ಗೆರೆ ಎಳೆದವಳಿಗೆ ಬೇರೆ ಹೆಸರು ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ಆಳು ತೆಳ್ಳಗೆ, ಮಾತು ಇನ್ನೂ ತೆಳ್ಳಗೆ. ಬೆಳಿಗ್ಗೆ ಐದೂವರೆಗೆ ಉಗ್ರಾಣದ ಬೀಗ ತೆಗೆದು, ಸುಣ್ಣವನ್ನು ಜರಡಿ ಹಿಡಿದು ಗಾಡಿಯ ಡಬ್ಬಿಗೆ ತುಂಬಿ, ಮೊಳೆಯಿಂದ ಮೊಳೆಗೆ ಹುರಿ ಬಿಗಿದು ಕೆಲಸ ಶುರು ಮಾಡುತ್ತಿದ್ದಳು. ಉಳಿದ ಆಳುಗಳು ಗಾಡಿಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಇವಳು ಅದನ್ನು ಎಳೆಯುತ್ತ ಹಿಂದಕ್ಕೆ ನಡೆಯುತ್ತಿದ್ದಳು. ಕೇಳಿದರೆ, "ಮುಂದೆ ನೋಡ್ಕೊಂಡು ಹೋದ್ರೆ ಗೆರೆ ಸೊಟ್ಟ ಆಗಿದ್ದು ಕಾಣಲ್ಲ. ಸೊಟ್ಟ ಯಾವಾಗ್ಲೂ ಹಿಂದೇನೇ ಇರುತ್ತೆ" ಎನ್ನುತ್ತಿದ್ದಳು.

ಅವಳು ಈ ಕೆಲಸಕ್ಕೆ ಸೇರಿದ್ದು ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡಿಗೆ ನೂಲಿನ ಗಿರಣಿ ಇತ್ತು. ಅಲ್ಲಿ ಸಂಬಳವೂ ಹೆಚ್ಚು. ಅದನ್ನು ಬಿಟ್ಟು ಬಂದದ್ದು ಒಬ್ಬ ಮನುಷ್ಯನ ಹತ್ತಿರ ಇರಲು, ಅವನು ಎಡವುವ ದಿನ ತಾನು ಅಲ್ಲಿರಲು. ಇದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಯಾರೂ ನಂಬಲಿಲ್ಲ, ಅಷ್ಟೆ.

ಆ ಮನುಷ್ಯ ಒಬ್ಬ ಇಂಜಿನಿಯರು. ಅವಳಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಅವನು ಮೈದಾನದ ಸಹ ಕಾರ್ಯದರ್ಶಿ. ಆಗ ಮೈದಾನ ಒಂದು ಕ್ಲಬ್ಬಿನ ಕೈಯಲ್ಲಿತ್ತು. ಗಿರಣಿಯವರು, ಹಮಾಲರ ಮಕ್ಕಳು, ಆಸ್ಪತ್ರೆಯ ಆಯಾಗಳು ವರ್ಷಕ್ಕೊಮ್ಮೆ 'ಎಲ್ಲರಿಗೂ ತೆರೆದ' ಕ್ರೀಡಾಕೂಟದಲ್ಲಿ ಓಡಬಹುದಿತ್ತು. ತೆರೆದಿರುತ್ತಿದ್ದದ್ದು ಗೇಟು ಮಾತ್ರ. ಆ ವರ್ಷ ಐದು ಸಾವಿರ ಮೀಟರ್ ಓಟದಲ್ಲಿ ಗಿರಣಿಯ ಈ ಹುಡುಗಿ ಕ್ಲಬ್ಬಿನ ಹುಡುಗಿಯರನ್ನೆಲ್ಲ ಅರ್ಧ ಸುತ್ತು ಹಿಂದೆ ಬಿಟ್ಟು, ಪ್ರಾಂತದ ದಾಖಲೆಯನ್ನು ನಾಲ್ಕು ಸೆಕೆಂಡಿನಿಂದ ಮುರಿದಳು. ಕಾಲಿಗೆ ಶೂ ಇತ್ತು, ಆದರೆ ಅದು ಅವಳದಲ್ಲ. ಗಿರಣಿಯ ಗುಮಾಸ್ತನ ಮಗನದು, ಬೆರಳ ತುದಿಗೆ ಹತ್ತಿ ತುರುಕಿಕೊಂಡಿದ್ದಳು.

ಇಂಜಿನಿಯರು ಆ ದಾಖಲೆಯನ್ನು ಒಪ್ಪಲಿಲ್ಲ. ಅವನು ಕೊಟ್ಟ ಕಾರಣವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಅವಳ ಬದುಕೆಲ್ಲ ಆ ಕಾರಣದ ಮೇಲೆಯೇ ನಿಂತಿತು.

ಓಟದ ಟ್ರ್ಯಾಕಿನ ಒಳ ಅಂಚಿಗೆ ಎರಡು ಬೆರಳೆತ್ತರದ ಪಟ್ಟಿಯೊಂದನ್ನು ಹೊಡೆದಿರುತ್ತಾರೆ. ಕಾಲು ತಾಗೀತೆಂಬ ಭಯಕ್ಕೆ ಓಡುವವರು ಅದರಿಂದ ತುಸು ದೂರವೇ ಓಡುತ್ತಾರೆ. ಆದ್ದರಿಂದ ಸುತ್ತಿನ ಉದ್ದವನ್ನು ಪಟ್ಟಿಯಿಂದ ಮೂವತ್ತು ಸೆಂಟಿಮೀಟರ್ ಆಚೆ ಅಳೆಯುವುದು ನಿಯಮ. ಪಟ್ಟಿ ಇಲ್ಲದೆ ಬರೀ ಗೆರೆ ಇದ್ದರೆ ಭಯವಿಲ್ಲ, ಗೆರೆಗೆ ಒತ್ತಿ ಓಡಬಹುದು. ಆಗ ಇಪ್ಪತ್ತು ಸೆಂಟಿಮೀಟರಿಗೆ ಅಳೆಯಬೇಕು. ವ್ಯತ್ಯಾಸ ಒಂದು ಅಂಗೈ ಅಗಲ. ಪಟ್ಟಿ ಕಿತ್ತು ಅದೇ ಜಾಗದಲ್ಲಿ ಗೆರೆ ಎಳೆದರೆ ಪ್ರತಿ ಸುತ್ತಿನಲ್ಲೂ ಎರಡಡಿ ದಾರಿ ಕದ್ದಂತಾಗುತ್ತದೆ.

ಅವಳು ಓಡಿದ ದಿನ ಒಂದು ತಿರುವಿನಲ್ಲಿ ಇಪ್ಪತ್ತು ಹೆಜ್ಜೆಯಷ್ಟು ಪಟ್ಟಿ ಇರಲಿಲ್ಲ. ಕುರ್ಚಿ ತರುವ ಗಾಡಿ ಒಳಗೆ ಬರಲೆಂದು ಕ್ಲಬ್ಬಿನವರೇ ಕಿತ್ತಿದ್ದರು. ಅದರಿಂದ ಹನ್ನೆರಡೂವರೆ ಸುತ್ತಿಗೂ ಸೇರಿ ಅವಳಿಗೆ ಉಳಿದದ್ದು ಹೆಚ್ಚೆಂದರೆ ಒಂದು ಮೊಳ. ನಾಲ್ಕು ಸೆಕೆಂಡಿನಲ್ಲಿ ಅವಳು ನಲವತ್ತು ಮೊಳ ಓಡುತ್ತಿದ್ದಳು. ಇಂಜಿನಿಯರು ಲೆಕ್ಕ ಬಲ್ಲವನು, ಇದು ಅವನಿಗೆ ಗೊತ್ತಿತ್ತು.

"ನಿಯಮ ಅಂದ್ರೆ ನಿಯಮ," ಎಂದ. ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, ಅವಳಿಗೂ ಕೇಳಿಸುವಂತೆ, "ಗಿರಣಿ ಹುಡುಗೀರು ಓಡೋದು ಸೈರನ್ನಿಗೆ, ಗಡಿಯಾರಕ್ಕಲ್ಲ" ಎಂದ. ಅವರು ನಕ್ಕರು.

ದಾಖಲೆ ಇದ್ದವರಿಗೆ ಸರ್ಕಾರಿ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕಿಯ ಹುದ್ದೆ ಮೀಸಲಿತ್ತು. ಆ ವರ್ಷ ಅದು ಅರ್ಧ ಸುತ್ತು ಹಿಂದೆ ಬಂದವಳಿಗೆ ಹೋಯಿತು. ಗಿರಣಿ ಹುಡುಗಿ ಅಳಲಿಲ್ಲ, ಅರ್ಜಿ ಬರೆಯಲಿಲ್ಲ. ಓಟದ ನಿಯಮಗಳ ಪುಸ್ತಕವನ್ನು ಸಂಪಾದಿಸಿ, ಪಾಳಿ ಮುಗಿಸಿ ಬಂದು ಎರಡು ವರ್ಷ ಓದಿದಳು. ಆಮೇಲೆ ಮೈದಾನಕ್ಕೆ ಹೋಗಿ ಸುಣ್ಣದ ಕೆಲಸ ಕೇಳಿದಳು. ಇಂಜಿನಿಯರಿಗೆ ಅವಳ ಮುಖ ನೆನಪಿರಲಿಲ್ಲ. ಅದನ್ನು ಅವಳು ದಾಖಲೆಗಿಂತ ದೊಡ್ಡ ಅವಮಾನವೆಂದು ಎಣಿಸಿದಳು.

ಕೆಲಸ ಅವಳು ಚೆನ್ನಾಗಿ ಮಾಡಿದಳು. ದ್ವೇಷ ಮನುಷ್ಯರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ ಎನ್ನುವವರು ಅವಳ ಗೆರೆಗಳನ್ನು ನೋಡಿಲ್ಲ. ಅಗಲ ಐದು ಸೆಂಟಿಮೀಟರ್ ಎಂದರೆ ಐದೇ, ತಿರುವಿನಲ್ಲೂ ಐದೇ. ಇಂಜಿನಿಯರು ಸಹ ಕಾರ್ಯದರ್ಶಿಯಿಂದ ಕಾರ್ಯದರ್ಶಿಯಾದ. ಅವನ ಶಿಸ್ತಿಗೆ ಹೆಸರಿತ್ತು. ಮೈದಾನದಲ್ಲಿ ಯಾವ ಕೆಲಸ ಹೇಳಿದರೂ ಅದನ್ನು ಪುಸ್ತಕದಲ್ಲಿ ಬರೆದು, ಹೇಳಿದವರು ಸಹಿ ಹಾಕಬೇಕೆಂಬ ಪದ್ಧತಿ ತಂದವನೂ ಅವನೇ. ಗೆರೆಯಕ್ಕ ಕಾಯುತ್ತಿದ್ದಳು. ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ?

ಹದಿನೈದು ವರ್ಷಕ್ಕೆ ಬಂದ.

ಮಂತ್ರಿಯೊಬ್ಬರು ಕ್ರೀಡಾಕೂಟಕ್ಕೆ ಬರುವವರಿದ್ದರು. ಅಂದವಾಗಿ ಕಾಣಲೆಂದು ಇಂಜಿನಿಯರು ಒಳ ಅಂಚಿನ ಪಟ್ಟಿಗಳನ್ನೆಲ್ಲ ಕೀಳಿಸಿ ಬಿಳಿ ಬಣ್ಣ ಹೊಡೆಸಿದ. ಹವೆ ತೇವವಾಗಿತ್ತು, ಬಣ್ಣ ಒಣಗಲಿಲ್ಲ. ಬೆಳಿಗ್ಗೆ ಏಳಕ್ಕೆ ಕಾರಿನಿಂದ ಇಳಿದವನೇ ಗೆರೆಯಕ್ಕನನ್ನು ಕರೆದ.

"ಪಟ್ಟಿ ಬೇಡ ಇವತ್ತು. ಗೆರೆ ಎಳೆದ್ಬಿಡು."

"ಎಲ್ಲಿ ಸಾರ್?"

"ಎಲ್ಲಿ ಅಂದ್ರೆ? ಪಟ್ಟಿ ಇದ್ದ ಜಾಗದಲ್ಲೇ."

"ಪಟ್ಟಿ ಇಲ್ದಿದ್ರೆ ಗೆರೆ ಒಂದು ಅಂಗೈ ಆಚೆ ಬರ್ಬೇಕಲ್ವಾ ಸಾರ್?"

"ಇಲ್ಲಿ ಇಂಜಿನಿಯರು ನಾನಾ ನೀನಾ?"

"ನೀವೇ ಸಾರ್."

"ಹಾಗಾದ್ರೆ ಹೇಳಿದ್ದಷ್ಟು ಮಾಡು."

"ಪುಸ್ತಕದಲ್ಲಿ ಬರ್ಕೊಳ್ಳಾ ಸಾರ್?"

"ಬರ್ಕೋ, ಬರ್ಕೋ."

ಅವಳು ಸಮಯ, ಜಾಗ, ಮಾತು ಎಲ್ಲ ಬರೆದಳು. ಅವನು ಕಾರಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು, ಗೇಟಿನ ಕಡೆ ನೋಡುತ್ತಲೇ ಸಹಿ ಹಾಕಿದ. ಎರಡನೇ ಸಲ ಕೇಳಿದ್ದರೆ ಅವನು ಯೋಚಿಸುತ್ತಿದ್ದ. ಅವಳು ಒಮ್ಮೆ ಮಾತ್ರ ಕೇಳಿದಳು.

ಆ ದಿನ ಐದು ಸಾವಿರ ಮೀಟರಿನಲ್ಲಿ ಪ್ರಾಂತದ ಹೊಸ ದಾಖಲೆ ಬಂತು. ಮಾಡಿದವಳು ಇಂಜಿನಿಯರಿನ ಮಗಳು. ಒಳ್ಳೆಯ ಓಟಗಾರ್ತಿ, ಅದರಲ್ಲಿ ಸುಳ್ಳಿಲ್ಲ. ಆದರೆ ಹನ್ನೆರಡೂವರೆ ಸುತ್ತಿಗೆ ಅವಳು ಓಡದೆ ಬಿಟ್ಟ ದಾರಿ ಇಪ್ಪತ್ತೈದು ಅಡಿ, ಒಂದೂವರೆ ಸೆಕೆಂಡಿನ ಓಟ. ಮಂತ್ರಿ ಹಾರ ಹಾಕಿದರು. ಗೆರೆಯಕ್ಕ ಉಗ್ರಾಣದಲ್ಲಿ ಕೆಲಸದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ, ಕಚೇರಿಗೆ ಹೊಸ ಪುಸ್ತಕ ಕೇಳಿದಳು. ಹಳೆಯದು ಸುಣ್ಣ ಬಿದ್ದು ಹಾಳಾಯಿತೆಂದಳು.

ಅವಳು ಮರುದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಆಗ ಇಂಜಿನಿಯರು ಬರೀ ಕಾರ್ಯದರ್ಶಿ. ಏಣಿಯ ಎರಡನೇ ಮೆಟ್ಟಿಲಿಂದ ಬಿದ್ದವನಿಗೆ ಮಂಡಿ ತರಚುತ್ತದೆ. ಎದ್ದು ಬಟ್ಟೆ ಕೊಡವಿಕೊಂಡು ಮತ್ತೆ ಹತ್ತುತ್ತಾನೆ. ಅವನು ಮೇಲಿನ ಮೆಟ್ಟಿಲು ಮುಟ್ಟಲೆಂದು ಅವಳು ಕಾದಳು. ಅವನ ಏಳಿಗೆಗೆ ಅವನ ಹೆಂಡತಿಯೂ ಅಷ್ಟು ಹಾರೈಸಿರಲಾರಳು.

ಈ ನಡುವೆ ಮನೆಯಲ್ಲಿ ಒಂದು ಹುಡುಗಿ ಬೆಳೆಯುತ್ತಿತ್ತು. ಗೆರೆಯಕ್ಕ ಮದುವೆಯಾಗಲಿಲ್ಲ, ಗಂಡ ಸತ್ತ ತಂಗಿ ತನ್ನ ಮಗಳೊಂದಿಗೆ ಅವಳ ಎರಡು ಕೋಣೆಯ ಮನೆಗೆ ಬಂದು ಸೇರಿದ್ದಳು. ತಂಗಿಯ ಮಗಳ ಕಾಲಿನಲ್ಲಿ ಓಟವಿರುವುದನ್ನು ಗೆರೆಯಕ್ಕ ಅವಳು ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವುದರಲ್ಲೇ ಕಂಡಳು. ಹದಿನಾರಕ್ಕೆ ಶುರು ಮಾಡಿಸಿದಳು. ನಾಲ್ಕು ವರ್ಷ, ಸುಣ್ಣದ ಕೆಲಸಕ್ಕೂ ಮುಂಚೆ, ಹುಡುಗಿ ಮುಂದೆ ಓಡುವುದು, ದೊಡ್ಡಮ್ಮ ಹಿಂದೆ ಸೈಕಲ್ ತುಳಿಯುವುದು.

"ಭುಜ ಇಳಿಸು. ಕೋಳಿ ಓಡ್ದಂಗೆ ಓಡ್ತಿದ್ದೀಯ."

"ಕೋಳೀನೂ ಸೈಕಲ್ಲಿಗೆ ಸಿಗಲ್ಲ ದೊಡ್ಡಮ್ಮ."

"ಸಿಗದಿದ್ರೆ ಬೇಲಿಗೆ ಸಿಗುತ್ತೆ. ಮಾತಾಡಕ್ಕೆ ಉಸಿರಿದೆ ಅಂದ್ರೆ ನೀನು ನಿಧಾನ ಅಂತ ಅರ್ಥ."

ಇಪ್ಪತ್ತನೇ ವಯಸ್ಸಿನಲ್ಲಿ ಆ ಹುಡುಗಿ ಅದೇ ಮೈದಾನದಲ್ಲಿ, ಪಟ್ಟಿ ಸರಿಯಾಗಿ ಕೂತಿದ್ದ ಟ್ರ್ಯಾಕಿನಲ್ಲಿ, ಐದು ಸಾವಿರ ಮೀಟರ್ ಓಡಿದಳು. ಮುಗಿಸಿ ಹುಲ್ಲಿನ ಮೇಲೆ ಬಿದ್ದು, ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಎಷ್ಟು ಬಂತು?"

ಇಂಜಿನಿಯರಿನ ಮಗಳ ದಾಖಲೆಗಿಂತ ಒಂದು ಸೆಕೆಂಡು ಚಿಲ್ಲರೆ ಹೆಚ್ಚು. ಅಂದರೆ, ಅಂಗೈ ಅಗಲದ ಲೆಕ್ಕ ಹಿಡಿದರೆ, ಅವಳೇ ಮುಂದೆ.

ಗೆರೆಯಕ್ಕ ಉಗ್ರಾಣಕ್ಕೆ ಹೋದಳು. ಟ್ರಂಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಇಂಜಿನಿಯರು ಆಗಿನ್ನೂ ಕಾರ್ಯದರ್ಶಿ. ಅಧ್ಯಕ್ಷ ಪದವಿಗೆ ಎರಡು ವರ್ಷ ಬಾಕಿ ಎಂದು ಜನ ಮಾತಾಡುತ್ತಿದ್ದರು. ಹುಡುಗಿ ಇನ್ನೂ ಇಪ್ಪತ್ತು, ಮುಂದಿನ ವರ್ಷ ಸುಳ್ಳು ದಾಖಲೆಯನ್ನೂ ಮುರಿಯುತ್ತಾಳೆ. ಟ್ರಂಕು ತೆರೆಯಲಿಲ್ಲ. ಹೊರಗೆ ಬಂದು, "ಒಂದು ಸೆಕೆಂಡು ಜಾಸ್ತಿ. ಬರೋ ವರ್ಷ ಮುರೀತೀಯ ಬಿಡು ಮರಿ" ಎಂದಳು.

ಬರುವ ವರ್ಷ ಹುಡುಗಿಯ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿತು. ಓಟ ಅಲ್ಲಿಗೆ ಮುಗಿಯಿತು. ವ್ಯಾಯಾಮ ಶಿಕ್ಷಕಿಯ ಹುದ್ದೆಗೆ ದಾಖಲೆ ಬೇಕಿತ್ತು; ಒಂದು ಸೆಕೆಂಡಿನ ಕೊರತೆಗೆ ಯಾರೂ ಹುದ್ದೆ ಕೊಡುವುದಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸೇರಿಕೊಂಡಳು. ದಿನಕ್ಕೆ ನಾಲ್ಕು ನೂರು ಹಾಸುಬಟ್ಟೆ, ಕುದಿಯುವ ನೀರು, ಹಬೆ. ಮದುವೆಯಾಯಿತು, ಒಂದು ಮಗುವಾಯಿತು, ಗಂಡ ಬೇರೆ ದಾರಿ ನೋಡಿಕೊಂಡ, ಮರಳಿ ಅದೇ ಎರಡು ಕೋಣೆಗೆ ಬಂದಳು. ದೊಡ್ಡಮ್ಮನ ಮೇಲೆ ಅವಳಿಗೆ ತಾಯಿಗಿಂತ ಹೆಚ್ಚು ಭಕ್ತಿ. ತನಗಾಗಿ ನಾಲ್ಕು ವರ್ಷ ಸೈಕಲ್ ತುಳಿದವಳೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳುತ್ತಿದ್ದಳು.

ಇಂಜಿನಿಯರು ಅಧ್ಯಕ್ಷನಾದ ಮೇಲೂ ಗೆರೆಯಕ್ಕ ಕಾದಳು. ಕೊನೆಗೆ ಏಣಿಯ ಮೇಲಿನ ಮೆಟ್ಟಿಲು ಬಂತು. ಮೈದಾನಕ್ಕೆ ಹೊಸ ರಬ್ಬರ್ ಟ್ರ್ಯಾಕ್ ಹಾಕಿಸಿ ಅದಕ್ಕೆ ಇಂಜಿನಿಯರಿನ ಹೆಸರಿಡುವುದೆಂದು ತೀರ್ಮಾನವಾಯಿತು. ಕಲ್ಲಿನಲ್ಲಿ ಹೆಸರು ಕೆತ್ತಿಯಾಗಿತ್ತು. ಅದರ ಕೆಳಗೆ ಮಗಳ ದಾಖಲೆಯೂ ಇತ್ತು. ಟ್ರ್ಯಾಕನ್ನು ಅಳೆದು ಒಪ್ಪಿಗೆ ಕೊಡಲು ಕೇಂದ್ರ ಸಂಸ್ಥೆಯಿಂದ ಅಳತೆಯ ಅಧಿಕಾರಿಯೊಬ್ಬರು ಬಂದರು. ಮೂರು ದಿನ ಟೇಪು ಹಿಡಿದು ಮಂಡಿಯೂರಿ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿದವಳು ಗೆರೆಯಕ್ಕ. ಮೂರನೇ ದಿನ ಅವಳು ಪ್ಲಾಸ್ಟಿಕ್ ಚೀಲ ಬಿಚ್ಚಿ ಪುಸ್ತಕವನ್ನು ಅವರ ಕೈಗಿಟ್ಟಳು.

ಅಧಿಕಾರಿ ಎರಡು ಸಲ ಓದಿದರು. "ಇಷ್ಟು ವರ್ಷ ಇದು ಎಲ್ಲಿತ್ತಮ್ಮ?"

"ಇಲ್ಲೇ ಇತ್ತು ಸಾರ್."

"ಮತ್ತೆ ಈಗ ಯಾಕೆ?"

"ಈಗ ಕಲ್ಲು ಕೆತ್ತಿದ್ದಾರಲ್ಲ ಸಾರ್."

ಮರುದಿನ ಸಮಿತಿಯ ಕೋಣೆಯಲ್ಲಿ ಸಭೆ ಸೇರಿತು. ಉದ್ದ ಮೇಜು, ಗೋಡೆಯ ತುಂಬ ಹಳೆಯ ಅಧ್ಯಕ್ಷರ ಫೋಟೋಗಳು. ಇಂಜಿನಿಯರು ಪುಸ್ತಕದಲ್ಲಿನ ತನ್ನ ಸಹಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲ ಬಳಿ ನಿಂತಿದ್ದ ಗೆರೆಯಕ್ಕನ ಕಡೆ ಬೆರಳು ತೋರಿಸಿದ.

"ಎಳೆದೋಳು ನೀನೇ ತಾನೆ?"

"ನಾನೇ ಸಾರ್. ನೀವು ಹೇಳಿದ ಜಾಗದಲ್ಲೇ ಎಳೆದೆ."

"ಒಂದು ಅಂಗೈ ಅಗಲಕ್ಕೆ ಇಷ್ಟೆಲ್ಲ…"

"ನಿಯಮ ಅಂದ್ರೆ ನಿಯಮ ಸಾರ್."

ಆಗ ಅವನು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ. ಗುರುತು ಹತ್ತಿತೋ ಇಲ್ಲವೋ ಹೇಳಲಾಗದು. ಹತ್ತಿತೆಂದೇ ಗೆರೆಯಕ್ಕ ಕೊನೆಯವರೆಗೂ ನಂಬಿದ್ದಳು.

ಇಂಜಿನಿಯರಿನ ಮಗಳೂ ಅಲ್ಲಿದ್ದಳು. ಈಗ ನಲವತ್ತರ ಹೆಂಗಸು. ಅಪ್ಪ ವಾದ ಹೂಡುವ ಮೊದಲೇ ಅವಳು ಹೇಳಿದಳು: "ಬಿಡಿ ಅಪ್ಪ. ಅವತ್ತು ಪಟ್ಟಿ ಇರ್ಲಿಲ್ಲ. ನಂಗೆ ನೆನಪಿದೆ, ಗೆರೆಗೆ ಅಂಟ್ಕೊಂಡೇ ಓಡಿದ್ದೆ. ಎಷ್ಟು ಹಗುರ ಇದೆ ಅಂತ ಅನ್ನಿಸಿತ್ತು." ಅಷ್ಟು ಹೇಳಿ ಕೈಚೀಲ ತೆಗೆದುಕೊಂಡು ಎದ್ದುಹೋದಳು. ಆ ಕೋಣೆಯಲ್ಲಿ ಘನತೆಯಿಂದ ನಡೆದುಕೊಂಡವಳು ಅವಳೊಬ್ಬಳೇ. ಏನೂ ತಪ್ಪು ಮಾಡದೆ ಕಳೆದುಕೊಂಡವಳೂ ಅವಳೇ.

ದಾಖಲೆ ರದ್ದಾಯಿತು. ಕಲ್ಲಿಗೆ ಗೋಣಿತಟ್ಟು ಮುಚ್ಚಿದರು. ಇಂಜಿನಿಯರು ರಾಜೀನಾಮೆ ಕೊಟ್ಟು ಗೇಟಿನವರೆಗೆ ನಡೆದುಹೋಗುವಾಗ ಕಾರಿನ ಬಾಗಿಲು ತೆರೆಯಲು ಯಾರೂ ಓಡಲಿಲ್ಲ. ಗೆರೆಯಕ್ಕ ಉಗ್ರಾಣದ ಕಟ್ಟೆಯ ಮೇಲೆ ಕೂತು ಅದನ್ನು ಪೂರ್ತಿ ನೋಡಿದಳು. ಅವನ ಎಡಗಾಲು ತುಸು ಎಳೆಯುತ್ತಿತ್ತು, ಅದನ್ನೂ ಗಮನಿಸಿದಳು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಮಧ್ಯಾಹ್ನ ಮನೆಗೆ ಹೋಗಿ ಮಲಗಿ ನಿದ್ದೆ ಮಾಡಿದಳು. ಸೇಡು ತೀರಿದ ಮೇಲೆ ಬರೀ ಬೂದಿ ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಅವಳಿಗೆ ಹಾಗೇನೂ ಅನ್ನಿಸಲಿಲ್ಲ. ಬಹಳ ಚೆನ್ನಾಗಿತ್ತು ಎಂದೇ ತಂಗಿಗೆ ಹೇಳಿದಳು.

ಹತ್ತು ದಿನದ ಮೇಲೆ ಕೇಂದ್ರ ಸಂಸ್ಥೆಯಿಂದ ಒಂದು ಲಕೋಟೆ ಬಂತು. ತಂಗಿಯ ಮಗಳ ಹೆಸರಿಗೆ. ಹಳೆಯ ದಾಖಲೆ ರದ್ದಾದ್ದರಿಂದ, ಸರಿಯಾದ ಟ್ರ್ಯಾಕಿನಲ್ಲಿ ಅತಿ ಕಡಿಮೆ ಸಮಯದಲ್ಲಿ ಓಡಿದವರು ತಾವೇ. ಪ್ರಮಾಣಪತ್ರಕ್ಕಾಗಿ ಜೊತೆಗಿರುವ ನಮೂನೆಯನ್ನು ತುಂಬಿ ಕಳಿಸತಕ್ಕದ್ದು. ದಾಖಲೆಯ ಹುದ್ದೆಗೆ ವಯಸ್ಸು ಇಪ್ಪತ್ತೆಂಟು ದಾಟಿರಬಾರದು, ಅವಳಿಗೆ ಮೂವತ್ತೊಂದು.

ಅವಳು ಪಾಳಿಯಿಂದ ಬಂದು, ಹಬೆಯಲ್ಲಿ ಬೆಂದು ಸುಕ್ಕಾದ ಬೆರಳುಗಳನ್ನು ಒರೆಸಿಕೊಂಡು ಪತ್ರ ಓದಿದಳು. ದಿನಾಂಕಗಳನ್ನು ಬೆರಳಿನಲ್ಲಿ ಎಣಿಸಿದಳು. ಗೆರೆಯಕ್ಕ ಎದುರಿಗೆ ಕೂತು ಕೆಲಸದ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದಳು.

"ದೊಡ್ಡಮ್ಮ. ಪಟ್ಟಿ ಕಿತ್ತಿದ್ದು ಹದಿನೆಂಟು ವರ್ಷದ ಹಿಂದೆ."

"ಹೂಂ."

"ನಾನು ಓಡಿದ್ದು ಹನ್ನೊಂದು ವರ್ಷದ ಹಿಂದೆ."

ಗೆರೆಯಕ್ಕನ ಸೂಜಿ ನಿಂತಿತು.

"ನಾನು ಹುಲ್ಲಿನ ಮೇಲೆ ಬಿದ್ಕೊಂಡು ಎಷ್ಟು ಅಂತ ಕೇಳಿದಾಗ, ನಿಂಗೆ ಗೊತ್ತಿತ್ತಾ?"

ಅವಳು ಸುಳ್ಳು ಹೇಳಬಹುದಿತ್ತು. ಮನೆಯಲ್ಲಿ ಸುಳ್ಳು ಅವಳಿಗೆ ಅಭ್ಯಾಸವಿರಲಿಲ್ಲ.

"ಗೊತ್ತಿತ್ತು."

"ಪುಸ್ತಕ ಎಲ್ಲಿತ್ತು?"

"ಟ್ರಂಕಲ್ಲಿ."

"ಎಷ್ಟು ದೂರ?"

"ಹತ್ತು ಹೆಜ್ಜೆ."

ಒಳಗಿನ ಕೋಣೆಯಲ್ಲಿ ತಂಗಿ ಮಗುವಿಗೆ ಏನೋ ಗದರುತ್ತಿದ್ದಳು.

"ಆಗ ಹೇಳಿದ್ರೆ ಅವನು ತಪ್ಪಿಸ್ಕೊಳ್ತಿದ್ದ ಮರಿ. ಗುಮಾಸ್ತನ ತಪ್ಪು, ಆಳಿನ ತಪ್ಪು ಅಂತ ಏನೋ ಒಂದು ಹೇಳಿ ಜಾರ್ಕೊಳ್ತಿದ್ದ."

"ಜಾರ್ಕೊಳ್ಳಲಿ. ನಂಗೆ ಅವನು ಬೀಳೋದು ಬೇಕಿರ್ಲಿಲ್ಲ, ಒಂದು ಕೆಲಸ ಬೇಕಿತ್ತು."

"ನೀನು ಮುಂದಿನ ವರ್ಷ ಮುರೀತೀಯ ಅಂದ್ಕೊಂಡೆ."

"ಕಳ್ಕೊಂಡಿದ್ದು ನಾನೊಬ್ಳೇ ಅಲ್ಲ. ನಂಗಿಂತ ಮುಂಚೆ ಇನ್ನೂ ಮೂರು ಜನ ಆ ಸುಳ್ಳು ದಾಖಲೆಗೆ ಒಂದೂವರೆ ಸೆಕೆಂಡಿನ ಒಳಗೆ ಬಂದು ಸೋತಿದ್ದಾರೆ. ಒಬ್ಬಳು ನಮ್ಮ ಆಸ್ಪತ್ರೆ ಮುಂದೆ ಹಣ್ಣು ಮಾರ್ತಾಳೆ. ಆ ಇಂಜಿನಿಯರು ಹಾಳು ಮಾಡಿದ್ದು ನಿನ್ನೊಬ್ಬಳನ್ನ ದೊಡ್ಡಮ್ಮ. ಅವನಿಗೆ ನೀನು ಯಾರೂ ಅಲ್ಲ, ಹಾಗಾಗಿ ಮಾಡಿದ. ನಾನು ನಿಂಗೆ ಯಾರು?"

ಗೆರೆಯಕ್ಕ ಚಪ್ಪಲಿಯನ್ನು ಕೆಳಗಿಟ್ಟಳು.

ತಂಗಿಯ ಮಗಳು ನಮೂನೆಯನ್ನು ಮೇಜಿನ ಮೇಲೆ ಹರಡಿ ತುಂಬತೊಡಗಿದಳು. ಹೆಸರು, ಹುಟ್ಟಿದ ದಿನ, ಓಡಿದ ದಿನ, ಟ್ರ್ಯಾಕಿನ ವಿವರ. ಅಕ್ಷರ ದುಂಡಗೆ, ಆತುರವಿಲ್ಲದೆ ಬರೆದಳು. 'ತರಬೇತಿ ನೀಡಿದವರು' ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿ, ದೊಡ್ಡಮ್ಮನ ಕಡೆ ನೋಡಿ, ಅವಳು ನೋಡುತ್ತಿರುವುದನ್ನು ಖಚಿತ ಮಾಡಿಕೊಂಡು, 'ಯಾರೂ ಇಲ್ಲ' ಎಂದು ಬರೆದಳು.

"ನಾಲ್ಕು ವರ್ಷ ನಿನ್ನ ಹಿಂದೆ ಸೈಕಲ್ ತುಳಿದೋಳು ಯಾರು ಹಾಗಾದ್ರೆ?"

"ಮೈದಾನದ ಆಳು. ಸುಣ್ಣ ಹಾಕೋಕೆ ಬರ್ತಿದ್ಳು."

ಹುಡುಗಿ ಕೂಗಾಡಲಿಲ್ಲ, ಮನೆ ಬಿಟ್ಟು ಹೋಗುತ್ತೇನೆ ಎನ್ನಲಿಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆಂದು ನೋಡಿ ಅಲ್ಲೇ ಒತ್ತಿದಳು. ಅದನ್ನು ಅವಳು ಕಲಿತದ್ದು ಯಾರಿಂದ ಎಂದು ಕೇಳಬೇಕಾಗಿಲ್ಲ. ಗೆರೆಯಕ್ಕ ಎದ್ದು ಮೇಜಿನ ಬಳಿ ಬಂದು, ಕನ್ನಡಕ ಹಾಕಿಕೊಂಡು ನಮೂನೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಅಡಿಯಲ್ಲಿ ಕಾರ್ಬನ್ ಹಾಳೆ, ಅದರಡಿ ಸಂಸ್ಥೆಯ ಕಡತಕ್ಕೆ ಹೋಗುವ ಪ್ರತಿ. ಕಾರ್ಬನ್ ಎತ್ತಿ ನೋಡಿದಳು. ಆ ಎರಡು ಪದ ಕೆಳಗಿನ ಹಾಳೆಯಲ್ಲಿ ಸರಿಯಾಗಿ ಮೂಡಿರಲಿಲ್ಲ.

"ಒತ್ತಿ ಬರಿ," ಎಂದಳು. "ಕೆಳಗಿನದಕ್ಕೂ ಬೀಳಬೇಕು."

ತಂಗಿಯ ಮಗಳು ಪೆನ್ನು ಒತ್ತಿ, ಅದೇ ಅಕ್ಷರಗಳ ಮೇಲೆ, ಇನ್ನೊಮ್ಮೆ ಬರೆದಳು.